ಜಿನೋವಾದಲ್ಲಿ ಎರಡು ರಾತ್ರಿ ಉಳಿಯಬಹುದಾ? ಅಪ್ಪ-ಅಮ್ಮ ಜೊತೆಗಿರುತ್ತಾರೆ

ಮ್ಯೂನಿಕ್_ಮೈಸೂರು:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಲ್ಲಿ ಅಪ್ಪ-ಅಮ್ಮ ಮೈಸೂರಿಂದ ಬರುತ್ತಿದ್ದಾರೆ. ಮಿಲಾನ್ ನೋಡಿಕೊಂಡು ಚಿಂಕ್ವೆ ತೆರ್ರೆಗೆ (ಕಡಲಂಚಿನ ಐದು ಹಳ್ಳಿಗಳು) ಹೋಗುವ ಯೋಚನೆ. ಅಲ್ಲಿ ರೂಮು ಸಿಕ್ಕಾಪಟ್ಟೆ ದುಬಾರಿ, ಅದಕ್ಕೇ ಜಿನೋವಾದಲ್ಲಿ ಉಳಿದು ರೈಲಲ್ಲಿ ಹೋಗಿಬರೋಣ ಅಂತ. ಆಫೀಸಲ್ಲಿ ಒಬ್ಬರು "ಗಲೀಜು ಊರು, ಬೇಡ" ಅಂದರು. ಇನ್ನೊಬ್ಬರು "ಇಟಲಿಯಲ್ಲಿ ನನಗೆ ಇಷ್ಟವಾದ ಊರೇ ಅದು" ಅಂದರು. ಯಾರನ್ನು ನಂಬಲಿ? ಅಮ್ಮನಿಗೆ ಮಂಡಿನೋವು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಪ್ಪ ಪಿಡಬ್ಲ್ಯುಡಿಯಲ್ಲಿ ಇದ್ದವರು. 2018ರಲ್ಲಿ ಜಿನೋವಾದಲ್ಲಿ ಕುಸಿದ ಮೊರಾಂಡಿ ಸೇತುವೆಯ ಜಾಗ ನೋಡಲೇಬೇಕಂತೆ.

ಸುತ್ತಾಟದ_ಸುಬ್ಬಿ:
ನನ್ನ ಮಾತು ಕೇಳಿದರೆ ಬೇಡ. ಫ್ಲಾರೆನ್ಸ್ ಮುಗಿಸಿ ಅಲ್ಲಿಗೆ ಹೋಗಿದ್ದೆವು. ಪ್ರಿಂಚಿಪೆ ಸ್ಟೇಷನ್ನಿಂದ ಇಳಿದು ವಿಯಾ ಪ್ರೆ ಅನ್ನೋ ಗಲ್ಲಿಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ನಡೆದೆವು. ಉಚ್ಚೆ ವಾಸನೆ, ಶಟರ್ ತುಂಬಾ ಗೀಚಿದ ಬಣ್ಣ, ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುವ ಜನ. ಯಾರೂ ಏನೂ ಮಾಡಲಿಲ್ಲ, ನಿಜ. ಆದರೆ ಮಗಳು ನನ್ನ ಕೈ ಬಿಡಲಿಲ್ಲ. ನಾವು ಬುಕ್ ಮಾಡಿದ್ದ ಕೋಣೆ ಐದನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಸಮುದ್ರ ನೋಡೋಣ ಅಂದರೆ ನಡುವೆ ಒಂದು ದೊಡ್ಡ ಫ್ಲೈಓವರ್. ಅಕ್ವೇರಿಯಂ ಮಾತ್ರ ಚೆನ್ನಾಗಿತ್ತು.

ಹಳೇ_ಹಡಗಿನವ:
ಸುಬ್ಬಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ಊರಿಗೆ ಹಿಂಬಾಗಿಲಿಂದ ಹೋಗಿದ್ದಾರೆ ಮಾರಾಯ್ರೆ. ನಾನು ಮಂಗಳೂರಿನವ. ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆ, ಜಿನೋವಾ ನಮಗೆ ಪ್ರಯಾಣಿಕರು ಹತ್ತಿ ಇಳಿಯುವ ಬಂದರು. ಬಿಡುವಿನ ಮೂರ್ನಾಲ್ಕು ಗಂಟೆಯಲ್ಲಿ ಸುತ್ತಿದ್ದೇ ಜಾಸ್ತಿ.

ಫ್ಲಾರೆನ್ಸ್ ಥರ ಶೋಕೇಸಲ್ಲಿಟ್ಟ ಊರಲ್ಲ ಅದು. ಕಂಟೇನರ್, ಕ್ರೇನು, ಸಾರ್ಡಿನಿಯಾಕ್ಕೆ ಹೋಗುವ ಫೆರ್ರಿಗೆ ಸಾಲುಗಟ್ಟಿದ ಕಾರು, ಎಲ್ಲ ಕಣ್ಣೆದುರೇ. ಆ ಫ್ಲೈಓವರ್ 1965ರದ್ದು, ನನಗೂ ಅದನ್ನು ಕಂಡರೆ ಆಗುವುದಿಲ್ಲ. ಆದರೆ ಟ್ಯಾಕ್ಸಿಯಲ್ಲಿ ಕೂತು ರಾತ್ರಿ ಅದರ ಮೇಲೆ ಹೋಗಿ ನೋಡಿ. ಒಂದು ಕಡೆ ಹಡಗುಗಳ ದೀಪ, ಇನ್ನೊಂದು ಕಡೆ ಜನರ ಮೂರನೇ ಮಹಡಿಯ ಕಿಟಕಿ.

ಅಮ್ಮನ ಮಂಡಿಗೆ ಇದಕ್ಕಿಂತ ಒಳ್ಳೆಯ ಗುಡ್ಡದ ಊರು ಇಲ್ಲ. ನಗಬೇಡಿ. ಊರಿನೊಳಗೇ ಸಾರ್ವಜನಿಕ ಲಿಫ್ಟುಗಳು ಉಂಟು, ಬಸ್ಸಿನ ಹಾಗೆ ಜನ ದಿನಾ ಬಳಸುತ್ತಾರೆ. ಪೋರ್ತೆಲ್ಲೊ ಚೌಕದಲ್ಲಿ ಸುರಂಗದೊಳಗೆ ನಡೆದರೆ ಕಾಸ್ತೆಲ್ಲೆತ್ತೊ ಲಿಫ್ಟ್ ಸಿಗುತ್ತದೆ. ಮೇಲೆ ಬಾಗಿಲು ತೆರೆದರೆ ಕಪ್ಪು ಕಲ್ಲಿನ ಹೆಂಚು, ಚರ್ಚಿನ ಗೋಪುರ, ಅದರಾಚೆ ಬಂದರು, 1543ರ ಲಾಂತೆರ್ನಾ ದೀಪಸ್ತಂಭ. ಇನ್ನೂ ಮೇಲೆ ಹೋಗಬೇಕೆಂದರೆ ಜೆಕ್ಕಾದಿಂದ ರಿಗಿಗೆ ಹಗ್ಗದ ರೈಲು, ಸುಮಾರು 300 ಮೀಟರ್ ಎತ್ತರ.

ವಿಯಾ ಗರಿಬಾಲ್ದಿ ಅನ್ನುವ ಅರಮನೆಗಳ ಬೀದಿ ಆ ಲಿಫ್ಟಿನ ಬುಡದಲ್ಲೇ. ಹಿಂದೆ ಅಲ್ಲಿಯ ಅರಮನೆಗಳು ಜಿನೋವಾ ಗಣರಾಜ್ಯದ ಅತಿಥಿಗಳನ್ನು ಸರದಿಯಲ್ಲಿ ಉಳಿಸಿಕೊಳ್ಳಬೇಕಿತ್ತು. ಅದಕ್ಕೆಂದು 1576ರಿಂದ ಪಟ್ಟಿಯೇ ಇತ್ತು. ಅಂಥ 42 ಮನೆಗಳು 2006ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿವೆ. ಕೆಂಪು ಅರಮನೆ, ಬಿಳಿ ಅರಮನೆ ಎರಡರಲ್ಲೂ ಈಗ ಮ್ಯೂಸಿಯಂ. ಸಾನ್ ಲೊರೆಂಜೊ ಚರ್ಚಿಗೂ ಹೋಗಿ. 1941ರಲ್ಲಿ ಬ್ರಿಟಿಷ್ ಯುದ್ಧನೌಕೆ ಹಾರಿಸಿದ ಶೆಲ್ಲು (ಫಿರಂಗಿ ಗುಂಡು) ಸಿಡಿಯದೆ ಉಳಿಯಿತು, ಒಳಗೆ ಇಟ್ಟಿದ್ದಾರೆ.

ಊಟಕ್ಕೆ ಫರಿನಾತಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಗೆ ತಳ್ಳುತ್ತಾರೆ. ನಮ್ಮ ಕಡಲೆಹಿಟ್ಟಿನ ದೋಸೆಯ ದಪ್ಪ ತಮ್ಮ ಅಂದುಕೊಳ್ಳಿ. ಬಿಸಿ ಇದ್ದಾಗ ಮಾತ್ರ ತಿನ್ನಿ, ಆರಿದರೆ ಚರ್ಮ. ಕೆಲವು ಕಡೆ ಸಣ್ಣ ಮೀನು ಹಾಕುತ್ತಾರೆ, ಕೇಳಿಕೊಳ್ಳಿ. ಪೆಸ್ತೊ (ತುಳಸಿ ಜಾತಿಯ ಬೇಸಿಲ್ ಸೊಪ್ಪಿನ ಚಟ್ನಿ) ಹಾಕಿದ ತ್ರೊಫಿಯೆ ಪಾಸ್ತಾಕ್ಕೆ ಮೊಟ್ಟೆ ಬೀಳುವುದಿಲ್ಲ, ಬರೀ ಹಿಟ್ಟು-ನೀರು. ಚೀಸ್ ಇರುತ್ತದೆ, ಬೆಳ್ಳುಳ್ಳಿಯೂ. ಬೆಳಿಗ್ಗೆ ಜನ ಫೊಕಾಚ್ಚಾ ಅನ್ನುವ ಎಣ್ಣೆ ಹಚ್ಚಿದ ಬ್ರೆಡ್ಡನ್ನು ಕಾಪುಚಿನೊದಲ್ಲಿ ಅದ್ದಿ ತಿನ್ನುತ್ತಾರೆ. ಎಣ್ಣೆ ತೇಲುವ ಕಾಫಿ ನನಗಂತೂ ಸೇರಲಿಲ್ಲ.

ಮ್ಯೂನಿಕ್_ಮೈಸೂರು:
ಬಹಳ ಥ್ಯಾಂಕ್ಸ್ ಅಣ್ಣಾ! ಹಾಗಾದರೆ ರೂಮು ಎಲ್ಲಿ ಹಿಡಿಯಲಿ? ಸೇತುವೆ ವಿಚಾರ?

ಹಳೇ_ಹಡಗಿನವ:
ಬ್ರಿನ್ಯೊಲೆ ಸ್ಟೇಷನ್ ಹತ್ತಿರ ಹಿಡಿಯಿರಿ. ಅಗಲ ರಸ್ತೆ, ಚಿಂಕ್ವೆ ತೆರ್ರೆ ರೈಲೂ ಅಲ್ಲೇ. ಕಟ್ಟಡದಲ್ಲಿ ಲಿಫ್ಟ್ ಇದೆಯಾ ಅಂತ ಮೊದಲೇ ಬರೆದು ಕೇಳಿ. ಹಳೇ ಊರಿನ ಇಕ್ಕಟ್ಟಾದ ಕರುಜ್ಜಿ ಗಲ್ಲಿಗಳನ್ನು ಹಗಲಲ್ಲಿ ಸುತ್ತಿ. ಕತ್ತಲಾದ ಮೇಲೆ ಪ್ರೆ, ಮದ್ದಲೇನಾ ಕಡೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬೇಡಿ.

ಸೇತುವೆ ಊರ ನಡುವೆ ಇಲ್ಲ, ಪೊಲ್ಚೆವೆರಾ ಕಣಿವೆಯಲ್ಲಿ ಉಂಟು. ಮೆಟ್ರೊದಲ್ಲಿ ಬ್ರಿನ್ ತನಕ ಹೋಗಿ ಮುಂದೆ ಟ್ಯಾಕ್ಸಿ ಹಿಡಿಯಿರಿ. ಹೊಸ ಸೇತುವೆಯ ವಿನ್ಯಾಸ ರೆಂಜೊ ಪಿಯಾನೊ ಅವರದ್ದು. ಅವರದೇ ಊರು ಅದು. 2020ರ ಆಗಸ್ಟಲ್ಲಿ ತೆರೆದರು. ಹಳೆಯದರಲ್ಲಿ ಉಕ್ಕಿನ ಹಗ್ಗಗಳ ಮೇಲೆ ಕಾಂಕ್ರೀಟ್ ಹೊದಿಸಿದ್ದರು, ಒಳಗೆ ತುಕ್ಕು ಹಿಡಿದದ್ದು ಹೊರಗೆ ಕಾಣುತ್ತಿರಲಿಲ್ಲ. ನಿಮ್ಮ ಅಪ್ಪನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸತ್ತ 43 ಜನರ ನೆನಪಿಗೆ ಕೆಳಗೆ 43 ಮರ ನೆಟ್ಟಿದ್ದಾರೆ, ಒಂದೊಂದೂ ಬೇರೆ ಜಾತಿಯದ್ದು.

ಸುತ್ತಾಟದ_ಸುಬ್ಬಿ:
ಲಿಫ್ಟಿನ ವಿಷಯ ನಮಗೆ ಯಾರೂ ಹೇಳಲೇ ಇಲ್ಲ ನೋಡಿ. ಆದರೂ ನಾನಾದರೆ ಒಂದೇ ರಾತ್ರಿ ಉಳಿಯುತ್ತೇನೆ. ಇನ್ನೊಂದು ದಿನಕ್ಕೆ ಲೋಕಲ್ ರೈಲಲ್ಲಿ ನೆರ್ವಿಗೆ ಹೋಗಿ. ಸಮುದ್ರದ ಬಂಡೆಗಳ ಮೇಲೆ ಸುಮಾರು ಎರಡು ಕಿಲೋಮೀಟರ್ ಕಾಲುದಾರಿ, ಅಲ್ಲಲ್ಲಿ ಬೆಂಚು. ಅಮ್ಮ ಆರಾಮಾಗಿ ಕೂರಬಹುದು.