ದೀಪ ನಂದಿದ ದಿನ ಒಳಗೆ ಯಾರಿದ್ದರು?

ಮಗಾ, ಬೆಳಗ್ಗೆ ನೀನು ಹಾಕಿದ, ನೀರಿಗೆ ಅಂತ ಗುಡ್ಡೆಯೊಳಗೆ ಕೊರೆದ ನಮ್ಮ ಸುರಂಗದ ಫೋಟೋ ನೋಡಿದೆ. "ಇದನ್ನು ತೋಡಿದ್ದು ಯಾರು ಅತ್ತೆ, ಯಾವ ಕಾಲದ್ದು?" ಅಂತ ಕೇಳಿದ್ದೀಯಲ್ವಾ. ನನಗೆ ಗೊತ್ತಿಲ್ಲ ಮಗಾ. ಹಾಗೆ ಹೇಳುವಾಗಲೇ ಸಂಕಟ ಆಗುತ್ತದೆ. ಅದರ ನೀರು ಕುಡಿದು ಬೆಳೆದವಳು ನಾನು.

ಹತ್ತು ವರ್ಷ ಅಜ್ಜಿಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದೇನೆ. ಒಂದು ರಾತ್ರಿ ಅವರೇ ಸುರಂಗದ ಸುದ್ದಿ ತೆಗೆದಿದ್ದರು. ಒಳಗೆ ಒಬ್ಬ ಪಿಕ್ಕಾಸಿನಲ್ಲಿ ಮುರಕಲ್ಲು ಕಡಿಯುವುದು, ಇನ್ನೊಬ್ಬ ಮಣ್ಣು ಹೊರಗೆ ಹೊರುವುದು. ಹತ್ತಿರ ಒಂದು ದೀಪ ಇಟ್ಟುಕೊಳ್ಳುವುದು. ದೀಪ ನಂದಿತು ಅಂದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. "ನಮ್ಮದರಲ್ಲಿ ಎರಡು ಸಲ ನಂದಿತ್ತು" ಅಂದರು ಅಜ್ಜಿ. ನಾನು ಹೂಂ ಅಂದು ಮಗ್ಗುಲು ಬದಲಿಸಿದೆ. ಆಮೇಲೆ ಎಂತಾಯಿತು ಅಂತ ಒಂದು ಮಾತು ಕೇಳಲಿಲ್ಲ.

ತಿಥಿಯ ದಿನ ಮೂರು ತಲೆಮಾರಿನ ಹೆಸರು ಹೇಳುತ್ತೇವೆ. ಗುಡ್ಡೆಯೊಳಗೆ ಹೊಕ್ಕು ನಮಗೆ ನೀರು ತಂದುಕೊಟ್ಟವರ ಹೆಸರು ಎಲ್ಲಿಯೂ ಬರೆದಿಲ್ಲ. ಪಂಪು ಬೇಡ, ಕರೆಂಟು ಬೇಡ, ಇವತ್ತಿಗೂ ನೀರು ತಾನಾಗಿ ಕೆರೆಗೆ ಇಳಿಯುತ್ತದೆ. ನನಗೆ ಜಾಸ್ತಿ ಬೇಜಾರಾಗುವುದು ಇದಕ್ಕೇ.

ಮತ್ತೊಂದು ಉಂಟು. ಅಜ್ಜಿಯ ತವರು ವಿಟ್ಲದ ಕಡೆ, ನಮ್ಮ ಈ ಮನೆ ಕಾಸರಗೋಡಿನ ಕಡೆ. ಮದುವೆಯಾಗಿ ಬರುವಾಗ ಎರಡೂ ಊರು ಒಂದೇ ಜಿಲ್ಲೆ, ಮದ್ರಾಸು ರಾಜ್ಯದ ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ವಿಟ್ಲ ಮೈಸೂರು ರಾಜ್ಯಕ್ಕೆ. ಆ ದಿನ ಅಜ್ಜಿಗೆ ಏನನ್ನಿಸಿತೋ. ಚಂದ್ರಗಿರಿ ಹೊಳೆಯಿಂದ ಬಡಗಿನ ಊರುಗಳು ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ಗಡಿ ತಕರಾರಿನ ಮಹಾಜನ ಆಯೋಗ ಹೇಳಿದಾಗ ಮನೆಯಲ್ಲಿ ಎಂತ ಮಾತಾಡಿಕೊಂಡರೋ. ಆಯೋಗದ ವಿಷಯ ನಾನು ಪೇಪರಲ್ಲಿ ಓದಿ ತಿಳಿದದ್ದು. ಅದನ್ನೆಲ್ಲ ಕಂಡವರು ಪಕ್ಕದಲ್ಲೇ ಮಲಗಿದ್ದರು.

ಈಗ ಉಳಿದವರು ಅಜ್ಜನ ಕಿರಿ ತಂಗಿ, ಪೆರ್ಲದ ಅಜ್ಜಿ ಒಬ್ಬರೇ. ಹುಟ್ಟಿದ್ದು ಈ ಮನೆಯಲ್ಲೇ. ಕಿವಿ ಸ್ವಲ್ಪ ಮಂದ, ನೆನಪು ಗಟ್ಟಿ ಉಂಟು. ಭಾನುವಾರ ನಾನು ಹೋಗುತ್ತೇನೆ, ನೀನೂ ಬಾ. ಆ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಾ. ಹೋದ ಕೂಡಲೇ ಮೊಬೈಲ್ ಎದುರು ಹಿಡಿಯಬೇಡ. ಹಳೇ ಕಥೆ ಹೇಳಿ ಅಂದರೆ "ಎಂತದೂ ಇಲ್ಲ" ಅಂದುಬಿಡುತ್ತಾರೆ. ಫೋಟೋ ಕೈಗೆ ಕೊಟ್ಟು ಸುಮ್ನೆ ಕೂತುಕೋ. ಅವರು ಶುರು ಮಾಡಲಿ. ಆಮೇಲೆ ಆ ದೀಪದ ವಿಷಯ ನಾನು ಕೇಳುತ್ತೇನೆ.