ತಿಂಗಳ ಸಂಬಳದಲ್ಲಿ ವಾರಾಂತ್ಯದ ಲೆಕ್ಕ ಏಕೆ ಕೂಡಿಬರುತ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಯಿತು. ಸಂಬಳ ಬಂದ ದಿನವೇ ಬಾಡಿಗೆ, ಶಿಕ್ಷಣ ಸಾಲದ ಕಂತು ಮತ್ತು ಮನೆಗೆ ಕಳುಹಿಸುವ ಹಣವನ್ನು ತೆಗೆದಿಟ್ಟುಬಿಡುತ್ತೇನೆ. ಸೋಮವಾರದಿಂದ ಶುಕ್ರವಾರದವರೆಗೆ ನನ್ನ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಲೆಕ್ಕ ತಪ್ಪುವುದು ಶನಿವಾರ ಮತ್ತು ಭಾನುವಾರ. ಪ್ರವಾಸ ಹೋಗಿರುವುದಿಲ್ಲ, ಬೆಲೆಬಾಳುವ ವಸ್ತುವನ್ನೇನೂ ಕೊಂಡಿರುವುದಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಖಾತೆ ನೋಡಿದರೆ ಐದು ದಿನಗಳಲ್ಲಿ ಆದದ್ದಕ್ಕಿಂತ ಹೆಚ್ಚು ಹಣ ಈ ಎರಡು ದಿನಗಳಲ್ಲಿ ಹೋಗಿರುತ್ತದೆ.

ಕಳೆದ ತಿಂಗಳು ಹಟ ಹಿಡಿದು ಎರಡು ವಾರಾಂತ್ಯಗಳನ್ನು ಕೋಣೆಯಲ್ಲಿಯೇ ಕಳೆದೆ. ಮೂರನೆಯ ವಾರ ಸ್ನೇಹಿತರು ಕರೆದಾಗ ತಡೆಯಲಾಗಲಿಲ್ಲ. ಉಳಿಸಿದ್ದೆಲ್ಲ ಒಂದೇ ಸಂಜೆಯಲ್ಲಿ ಮುಗಿಯಿತು, ಮಿಕ್ಕದ್ದು ಕ್ರೆಡಿಟ್ ಕಾರ್ಡಿನ ಮೇಲೆ ಬಿತ್ತು, ಆ ಬಿಲ್ಲಿನಲ್ಲಿ ನಾನು ಕಟ್ಟಿದ್ದು ಕನಿಷ್ಠ ಮೊತ್ತವನ್ನು ಮಾತ್ರ. ಮನೆಯೊಳಗೆ ಬಂದಿಯಾಗದೆ, ಸಾಲವನ್ನೂ ಮಾಡದೆ, ಒಂದು ಸಾಧಾರಣ ವಾರಾಂತ್ಯವನ್ನು ನೀವು ಹೇಗೆ ಕಳೆಯುತ್ತೀರಿ? ಧೈರ್ಯದ ಮಾತುಗಳಿಗಿಂತ ನೀವು ನಿಜವಾಗಿ ಪಾಲಿಸುವ ಕ್ರಮವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಪ್ರಶ್ನೆಯಲ್ಲಿ ಮನೋಬಲದ ಕೊರತೆಗಿಂತ ಮೊದಲು ನನಗೆ ಕಾಣಿಸಿದ್ದು ಒಂದು ಭಾಗಾಕಾರದ ತಪ್ಪು. ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ವಾರಾಂತ್ಯ ಏಳು ದಿನಕ್ಕೊಮ್ಮೆ ಬರುತ್ತದೆ. ನಮ್ಮಲ್ಲಿ ಬಹಳ ಮಂದಿ ತಿಂಗಳೆಂದರೆ ನಾಲ್ಕು ವಾರ ಎಂದುಕೊಂಡು ಹಣವನ್ನು ನಾಲ್ಕು ಪಾಲು ಮಾಡುತ್ತೇವೆ. ಹನ್ನೆರಡು ತಿಂಗಳಿಗೆ ನಾಲ್ಕರಂತೆ ಎಣಿಸಿದರೆ 48 ಆಗುತ್ತದೆ, ಆದರೆ ವರ್ಷದಲ್ಲಿರುವುದು 52 ವಾರಾಂತ್ಯಗಳು. ಉಳಿದ ನಾಲ್ಕು ವಾರಾಂತ್ಯಗಳಿಗೆ ನಾವು ಹಣವನ್ನೇ ಎತ್ತಿಟ್ಟಿರುವುದಿಲ್ಲ. ಐದು ಶನಿವಾರ ಬರುವ ತಿಂಗಳಿನ ಕೊನೆಯಲ್ಲಿ ಕಾರ್ಡು ಹೊರಬರುವುದಕ್ಕೆ ಅನೇಕ ಸಲ ಇಷ್ಟೇ ಕಾರಣ.

ವಾರಾಂತ್ಯಗಳಿಗೆಂದು ನೀವು ತಿಂಗಳಿಗೆ ನೂರು ಪಾಲು ಇಡಬಲ್ಲಿರಿ ಎಂದಿಟ್ಟುಕೊಳ್ಳೋಣ. ನಾಲ್ಕರಿಂದ ಭಾಗಿಸಿದರೆ ಒಂದಕ್ಕೆ 25. ಐದನೆಯದಕ್ಕೆ ಏನೂ ಉಳಿಯುವುದಿಲ್ಲ. ಅದರ ಬದಲು ವರ್ಷದ 1200 ಪಾಲನ್ನು 52ರಿಂದ ಭಾಗಿಸಿದರೆ ಒಂದು ವಾರಾಂತ್ಯಕ್ಕೆ 23 ಬರುತ್ತದೆ. ನಾಲ್ಕು ವಾರಾಂತ್ಯಗಳ ತಿಂಗಳಲ್ಲಿ ಎಂಟು ಪಾಲು ಮಿಗುತ್ತದೆ, ಐದರ ತಿಂಗಳಲ್ಲಿ ಹದಿನೈದು ಪಾಲು ಕಡಿಮೆ ಬೀಳುತ್ತದೆ. ಐದರ ತಿಂಗಳು ಸುಮಾರು ಮೂರು ತಿಂಗಳಿಗೊಮ್ಮೆ ಬರುವುದರಿಂದ ಹಿಂದಿನ ಎರಡು ತಿಂಗಳುಗಳಲ್ಲಿ ಮಿಕ್ಕ ಹದಿನಾರು ಪಾಲು ಆ ಕೊರತೆಗೆ ಸರಿಹೋಗುತ್ತದೆ. ವಾರಕ್ಕೆ ಎರಡು ಪಾಲು ಬಿಟ್ಟುಕೊಟ್ಟದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಈ ಹಣವನ್ನು ಬೇರೊಂದು ಖಾತೆಯಲ್ಲಿಯೋ ಲಕೋಟೆಯಲ್ಲಿಯೋ ಇಡಿ. ಒಂದೇ ಹಣವಾದರೂ ಅದಕ್ಕೆ ಬೇರೆ ಹೆಸರು ಕೊಟ್ಟಾಗ ಮನುಷ್ಯರು ಬೇರೆ ರೀತಿಯಲ್ಲಿ ಖರ್ಚು ಮಾಡುತ್ತಾರೆ ಎಂಬುದನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರ ಪ್ರಬಂಧದಲ್ಲಿ ವಿವರಿಸಿದ್ದರು. ಈ ಸ್ವಭಾವವನ್ನು ಅವರು ದೌರ್ಬಲ್ಯವಾಗಿಯೂ ಕಂಡರು, ಉಪಯೋಗಕ್ಕೆ ಬರುವ ಸಂಗತಿಯಾಗಿಯೂ ಕಂಡರು.

ಇನ್ನು ಕಾರ್ಡಿನ ವಿಷಯ. ಬಾಕಿಗೆ ತಿಂಗಳಿಗೆ ಶೇಕಡಾ 3ರ ಬಡ್ಡಿ ಎಂದರೆ ಸಣ್ಣದೆನಿಸುತ್ತದೆ, ಆದರೆ ಚಕ್ರಬಡ್ಡಿಯಾಗಿ ಅದು ವರ್ಷಕ್ಕೆ ಶೇಕಡಾ 42ನ್ನು ದಾಟುತ್ತದೆ. ಬಾಕಿ ಉಳಿದಿರುವಾಗ ಹೊಸ ಖರೀದಿಗೂ ಸಾಮಾನ್ಯವಾಗಿ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಆದ್ದರಿಂದ ದಯವಿಟ್ಟು ಮೊದಲು ಆ ಬಾಕಿಯನ್ನು ಪೂರ್ತಿ ತೀರಿಸಿ, ತೀರುವವರೆಗೆ ಕಾರ್ಡನ್ನು ಮನೆಯಲ್ಲಿಯೇ ಬಿಟ್ಟುಹೋಗಿ.

ಉತ್ತರ 2

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ನನ್ನ ಅನುಭವದಲ್ಲಿ ಹಣ ಸೋರುತ್ತಿದ್ದದ್ದು ಹೊರಗೆ ಸುತ್ತಾಡಿದಾಗ ಅಲ್ಲ, ದಣಿದು ಮನೆಯಲ್ಲಿ ಬಿದ್ದುಕೊಂಡಿದ್ದಾಗ. ಶುಕ್ರವಾರ ರಾತ್ರಿ ಎರಡು ಗಂಟೆಯವರೆಗೆ ಫೋನ್ ನೋಡುತ್ತಾ ಎಚ್ಚರವಿರುತ್ತಿದ್ದೆ, ಶನಿವಾರ ಮಧ್ಯಾಹ್ನ ಏಳುತ್ತಿದ್ದೆ, ಅಡುಗೆಗೆ ಸಾಮಾನು ಇರುತ್ತಿರಲಿಲ್ಲ, ಇದ್ದರೂ ಮಾಡುವ ತ್ರಾಣವಿರುತ್ತಿರಲಿಲ್ಲ. ಹೀಗಾಗಿ ಎರಡು ದಿನದಲ್ಲಿ ಮೂರು ನಾಲ್ಕು ಸಲ ಆರ್ಡರ್ ಮಾಡುತ್ತಿದ್ದೆ, ಮತ್ತು ಪ್ರತಿ ಸಲವೂ ಊಟದ ಬೆಲೆಯ ಮೇಲೆ ಡೆಲಿವರಿ ಶುಲ್ಕವನ್ನೂ ತೆರುತ್ತಿದ್ದೆ. ಕೆಲಸದ ದಿನಗಳ ನಿದ್ರೆಯ ವೇಳೆಗೂ ರಜಾದಿನಗಳ ವೇಳೆಗೂ ಬೀಳುವ ಈ ಅಂತರಕ್ಕೆ ನಿದ್ರೆಯ ಸಂಶೋಧಕರು 2006ರಲ್ಲಿ ‘ಸೋಷಿಯಲ್ ಜೆಟ್‌ಲ್ಯಾಗ್’ ಎಂಬ ಹೆಸರು ಕೊಟ್ಟರು. ಗಡಿಯಾರದ ವೇಳೆ ಬದಲಾಗುವ ದೂರದೇಶಕ್ಕೆ ವಾರಕ್ಕೊಮ್ಮೆ ಹೋಗಿಬಂದಷ್ಟು ದೇಹಕ್ಕೆ ಗೊಂದಲವಾಗುತ್ತದೆ ಎಂಬುದು ಆ ಹೆಸರಿನ ಭಾವ.

ನಾನು ಬದಲಿಸಿದ್ದು ಸ್ವಲ್ಪವೇ. ಶನಿವಾರ ಎಂದಿಗಿಂತ ಒಂದು ಗಂಟೆ ತಡವಾಗಿ ಏಳುತ್ತೇನೆ, ಅದಕ್ಕಿಂತ ಹೆಚ್ಚಲ್ಲ. ಗುರುವಾರ ಸಂಜೆಯೇ ಸಾಮಾನು ತಂದಿಡುತ್ತೇನೆ, ಏಕೆಂದರೆ ಶುಕ್ರವಾರ ಮನೆ ಸೇರಿದ ಮೇಲೆ ನನ್ನಿಂದ ಯಾವ ನಿರ್ಧಾರವೂ ಆಗುವುದಿಲ್ಲ. ಬಟ್ಟೆ ಒಗೆಯುವುದು, ಕೋಣೆ ಗುಡಿಸುವುದು ಶನಿವಾರ ಬೆಳಗಿನ ಹತ್ತರೊಳಗೆ ಮುಗಿಯುತ್ತದೆ. ಆಮೇಲಿನ ದಿನವೆಲ್ಲ ನನ್ನದು. ಗ್ರಂಥಾಲಯ, ಉದ್ಯಾನ, ನಡಿಗೆ, ಒಮ್ಮೊಮ್ಮೆ ತಿಂಗಳ ಪಾಸಿನಲ್ಲಿ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿಬರುವುದು. ಪಾಸಿನ ಹಣವನ್ನು ಹೇಗೂ ಕೊಟ್ಟಾಗಿರುತ್ತದೆ, ನಾವು ಅದನ್ನು ಐದು ದಿನ ಮಾತ್ರ ಬಳಸುತ್ತೇವೆ.

ಉತ್ತರ 3

ಸ್ನೇಹಿತರ ವಿಷಯವನ್ನು ಇಬ್ಬರೂ ಮುಟ್ಟಲಿಲ್ಲ. ನಿಜವಾದ ಕಷ್ಟವಿರುವುದು ಅಲ್ಲಿಯೇ ಎಂದು ನನಗೆ ಅನಿಸುತ್ತದೆ. ನಿಮ್ಮ ಮೂರನೆಯ ವಾರದ ಸಂಜೆಯನ್ನು ಓದಿದಾಗ ನನ್ನದೇ ಮೊದಲ ವರ್ಷ ನೆನಪಾಯಿತು. ಕರೆದವರಿಗೆ ಎರಡು ಸಲ ಸುಳ್ಳು ನೆಪ ಹೇಳಿ, ಮೂರನೆಯ ಸಲ ನಾಚಿಕೆಯಿಂದ ಹೋಗಿ, ಆ ನಾಚಿಕೆಯನ್ನು ಮುಚ್ಚಿಕೊಳ್ಳಲು ಎಲ್ಲರಿಗಿಂತ ಹೆಚ್ಚು ಖರ್ಚು ಮಾಡಿ ಬರುತ್ತಿದ್ದೆ.

ಬಿಲ್ಲನ್ನು ಸಮನಾಗಿ ಹಂಚಿಕೊಳ್ಳುವ ಪದ್ಧತಿ ಇದನ್ನು ಇನ್ನಷ್ಟು ಬಿಗಡಾಯಿಸುತ್ತದೆ. ತಮ್ಮದನ್ನು ತಾವೇ ಕೊಡಬೇಕಾದವರಿಗಿಂತ ಸಮನಾಗಿ ಹಂಚಿಕೊಳ್ಳುವವರು ಹೆಚ್ಚು ತರಿಸುತ್ತಾರೆಂದು ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ತೋರಿಸಿತ್ತು. ಅಂದರೆ ಅಲ್ಲಿ ಯಾರೂ ಕೆಟ್ಟವರಲ್ಲ, ಏರ್ಪಾಡೇ ಹಾಗಿದೆ. ಆದ್ದರಿಂದ ಕೂರುವ ಮೊದಲೇ, “ಈ ತಿಂಗಳು ನನಗೆ ಕೈ ಬಿಗಿ, ನನ್ನದನ್ನು ನಾನು ಬೇರೆಯಾಗಿ ಕೊಡುತ್ತೇನೆ” ಎಂದು ಹೇಳಿಬಿಡಿ. ನಾನು ಮೊದಲ ಸಲ ಹಾಗೆ ಹೇಳಿದಾಗ ಪಕ್ಕದಲ್ಲಿದ್ದ ಇನ್ನಿಬ್ಬರು ತಮ್ಮದೂ ಹಾಗೆಯೇ ಆಗಲಿ ಎಂದರು. ಅವರೂ ತಿಂಗಳುಗಟ್ಟಲೆ ಸಂಕೋಚದಿಂದ ಸುಮ್ಮನಿದ್ದರಂತೆ.

ಇನ್ನೊಂದು ಮಾತು. ಕರೆ ಬರುವವರೆಗೆ ಕಾಯಬೇಡಿ, ನೀವೇ ಮೊದಲು ಕರೆಯಿರಿ. ಜಾಗವನ್ನು ಸೂಚಿಸಿದವರೇ ಖರ್ಚಿನ ಮಟ್ಟವನ್ನೂ ನಿರ್ಧರಿಸಿರುತ್ತಾರೆ. ಬುಧವಾರವೇ, “ಭಾನುವಾರ ಬೆಳಿಗ್ಗೆ ನಡೆಯಲು ಹೋಗೋಣ, ಆಮೇಲೆ ನನ್ನ ಕೋಣೆಯಲ್ಲಿ ಎಲ್ಲರೂ ಸೇರಿ ಅಡುಗೆ ಮಾಡೋಣ” ಎಂದರೆ ಬರುವವರು ಬಂದೇ ಬರುತ್ತಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮೂರು ವಾರ ಪ್ರಯತ್ನಿಸಿ ಈಗ ಬರೆಯುತ್ತಿದ್ದೇನೆ. ಮೊದಲ ವಾರ ನಿಗದಿಪಡಿಸಿದ ಹಣ ಶನಿವಾರ ರಾತ್ರಿಯೇ ಮುಗಿಯಿತು, ಭಾನುವಾರ ಏನೂ ಖರ್ಚು ಮಾಡಲಿಲ್ಲ. ಎರಡನೆಯ ವಾರ ಗುರುವಾರವೇ ಸಾಮಾನು ತಂದದ್ದರಿಂದ ಒಂದೂ ಆರ್ಡರ್ ಮಾಡಲಿಲ್ಲ; ಇಷ್ಟು ವ್ಯತ್ಯಾಸವಾಗುತ್ತದೆಂದು ನಾನು ಎಣಿಸಿರಲಿಲ್ಲ. ಬಿಲ್ಲಿನ ವಿಷಯವನ್ನು ಸ್ನೇಹಿತರೆದುರು ಹೇಳಲು ಮಾತ್ರ ಇನ್ನೂ ಬಾಯಿ ಬಂದಿಲ್ಲ, ಆದ್ದರಿಂದ ಈ ಭಾನುವಾರ ನಾನೇ ನಾಲ್ವರನ್ನು ಕೋಣೆಗೆ ಕರೆದಿದ್ದೇನೆ. ಕಾರ್ಡಿನ ಬಾಕಿ ತೀರಲು ಇನ್ನೆರಡು ಸಂಬಳಗಳಾದರೂ ಬೇಕು. ಅಷ್ಟರವರೆಗೆ ವಾರಾಂತ್ಯದ ಪಾಲನ್ನು 23ರಿಂದ ಇನ್ನೂ ಇಳಿಸಿ ಆ ಕಡೆಗೆ ಹಾಕಬೇಕೇ, ಅಥವಾ ಬೇರೆ ಖರ್ಚಿನಿಂದ ತೆಗೆಯಬೇಕೇ?

ಉತ್ತರ 1ನ್ನು ಬರೆದವರಿಂದ

ಬೇರೆ ಕಡೆಯಿಂದ ತೆಗೆಯಿರಿ. ಬಳಸದೆ ಕಟ್ಟುತ್ತಿರುವ ಆ್ಯಪ್‌ಗಳ ಚಂದಾ ಇದೆಯೇ ಎಂದು ಮೊದಲು ನೋಡಿ. ವಾರಾಂತ್ಯದ ಹಣವನ್ನು ತೀರಾ ಇಳಿಸಿದರೆ ಕಳೆದ ತಿಂಗಳಿನ ಮೂರನೆಯ ವಾರ ಮತ್ತೆ ಬರುತ್ತದೆ. ಬಾಕಿ ತೀರಿದ ಮೇಲೆ ದಯವಿಟ್ಟು ಇಲ್ಲಿಯೇ ತಿಳಿಸಿ.