ಲೋಡರ್ ಬಕೆಟ್‌ಗೆ ಹಾಕಿದ ಟೂತ್ ಬಾರ್ ಎಷ್ಟು ಬಿಗಿ ಮಾಡಿದರೂ ಸಡಿಲವಾಗುತ್ತಿದೆ

ಪ್ರಶ್ನೆ

ನಮಸ್ಕಾರ. ಟ್ರ್ಯಾಕ್ಟರ್‌ನ ಮುಂದಿನ ಲೋಡರ್ ಬಕೆಟ್‌ಗೆ ಬೋಲ್ಟ್ ಹಾಕಿ ಕೂರಿಸುವ ಟೂತ್ ಬಾರ್ (ಹಲ್ಲುಗಳಿರುವ ಉಕ್ಕಿನ ಪಟ್ಟಿ) ತಂದು ಹಾಕಿದ್ದೇನೆ. ವೆಲ್ಡಿಂಗ್ ಇಲ್ಲ, ಬಕೆಟ್‌ನ ಎರಡೂ ಪಕ್ಕದ ಪ್ಲೇಟಿಗೆ ಒಂದೊಂದು ಎಂ16 (16 ಮಿಲಿಮೀಟರ್ ದಪ್ಪದ) ಬೋಲ್ಟ್ ಅಷ್ಟೇ. ಹಲ್ಲು ಗಟ್ಟಿ ನೆಲಕ್ಕೆ ಚೆನ್ನಾಗಿ ಇಳಿಯುತ್ತದೆ, ಅದರ ಬಗ್ಗೆ ದೂರಿಲ್ಲ. ಆದರೆ ಸ್ವಲ್ಪ ಹೊತ್ತು ಕೆಲಸ ಮಾಡಿದರೆ ಸಾಕು, ಬಾರ್ ಲಟಲಟ ಅನ್ನಲು ಶುರು. ಇಳಿದು ನೋಡಿದರೆ ನಟ್ಟು ಸಡಿಲ. ಸ್ಪ್ರಿಂಗ್ ವಾಷರ್ ಹಾಕಿದೆ, ಡಬಲ್ ನಟ್ಟು ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ಎಡಗಡೆಯ ತೂತು ಈಗ ಉರುಟಾಗಿಲ್ಲ, ಉದ್ದಕ್ಕೆ ಹಿಗ್ಗಿದೆ. ಇನ್ನೂ ದಪ್ಪ ಬೋಲ್ಟ್ ಹಾಕಬೇಕಾ? ಅಥವಾ ಸುಮ್ನೆ ವೆಲ್ಡ್ ಮಾಡಿಬಿಡಲಾ?

ಉತ್ತರ

ಎರಡೂ ಬೇಡ. ದಪ್ಪ ಬೋಲ್ಟ್ ಹಾಕಿದರೂ ಇದೇ ಕಥೆ, ಸ್ವಲ್ಪ ತಡವಾಗಿ ಶುರುವಾಗುತ್ತದೆ ಅಷ್ಟೇ.

ಅಗೆಯುವಾಗ ಬರುವ ಒತ್ತಡವನ್ನು ತಡೆಯಬೇಕಾದದ್ದು ಬೋಲ್ಟ್ ಅಲ್ಲ. ಪ್ರತಿ ಹಲ್ಲಿನ ಹಿಂದೆ ಒಂದು ಬಾಯಿ ಇರುತ್ತದೆ, ನೋಡಿ. ಅದು ಬಕೆಟ್‌ನ ಕಟಿಂಗ್ ಎಡ್ಜನ್ನು, ಅಂದರೆ ಮಣ್ಣು ಕೊರೆಯುವ ಮುಂದಿನ ಅಂಚನ್ನು, ಮೇಲೂ ಕೆಳಗೂ ಹಿಡಿದುಕೊಂಡು, ಬಾಯಿಯ ತಳ ಎಡ್ಜ್‌ಗೆ ಪೂರ್ತಿ ಒತ್ತಿ ಕೂರಬೇಕು. ಹಾಗೆ ಕೂತರೆ ಮಣ್ಣಿನ ಒತ್ತಡ ಹಲ್ಲಿನಿಂದ ನೇರವಾಗಿ ಎಡ್ಜ್‌ಗೆ ಹೋಗುತ್ತದೆ. ಬಾರ್ ಮುಂದಕ್ಕೆ ಜಾರದ ಹಾಗೆ ಹಿಡಿದಿಡುವುದಷ್ಟೇ ಬೋಲ್ಟ್‌ನ ಕೆಲಸ. ಒಳಗೆ ಒಂದೆರಡು ಮಿಲಿಮೀಟರ್ ಸಂದು ಇದ್ದರೂ ಬಾರ್ ಪ್ರತಿ ಸಲ ಹಿಂದೆ ಮುಂದೆ ಆಡುತ್ತದೆ, ಆ ಆಟ ಪೂರ್ತಿ ಬೋಲ್ಟ್ ಮೇಲೆ ಬೀಳುತ್ತದೆ. ನಿಮ್ಮ ತೂತು ಉದ್ದಕ್ಕೆ ಹಿಗ್ಗಿದ್ದು ಅದಕ್ಕೇ.

ಸ್ಪ್ರಿಂಗ್ ವಾಷರ್ ಯಾಕೆ ಕೈಕೊಟ್ಟಿತು ಅಂದರೆ, ಜೋಡಿಸಿದ ಎರಡು ಭಾಗಗಳು ಅಡ್ಡಡ್ಡ ಜಾರತೊಡಗಿದರೆ ನಟ್ಟು ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ. ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಜಾರಾಟ ನಿಲ್ಲಿಸದೆ ವಾಷರ್ ಬದಲಿಸುತ್ತಾ ಕೂತರೆ ವಾಷರ್ ಖರ್ಚಾಗುತ್ತದೆ, ಬೇರೇನೂ ಆಗಲ್ಲ.

ಬಾರ್ ಬಿಚ್ಚಿ ಮೂರು ಜಾಗ ನೋಡಿ ಹೇಳಿ. ಎಡ್ಜ್ ಮೇಲೆ ಯಾವ ಹಲ್ಲುಗಳ ಜಾಗದಲ್ಲಿ ಬಣ್ಣ ಸವೆದು ಹೊಳೆಯುತ್ತಿದೆ? ಬಾರ್‌ನ ತುದಿಗೂ ಪಕ್ಕದ ಪ್ಲೇಟಿಗೂ ಎಷ್ಟು ಸಂದು ಇದೆ? ಬಕೆಟ್‌ನ ಒಳಮೂಲೆಯ ವೆಲ್ಡಿಂಗ್ ದಿಂಡಿಗೆ ಬಾರ್ ತಾಗುತ್ತಿದೆಯಾ?

ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿಯೇ ನೋಡಿ. ಹೈಡ್ರಾಲಿಕ್ ಹಿಡಿದುಕೊಂಡಿರುತ್ತೆ ಅಂತ ಎತ್ತಿದ ಬಕೆಟ್ ಕೆಳಗೆ ಕೈ ಹಾಕುವುದು ಬೇಡ.

ಪ್ರಶ್ನೆ ಕೇಳಿದವರು

ನೋಡಿದೆ. ಹೊಳಪು ಇರುವುದು ನಡುವಿನ ಎರಡು ಹಲ್ಲುಗಳ ಹತ್ತಿರ ಮಾತ್ರ, ಅಂಚಿನ ಹಲ್ಲುಗಳ ಕಡೆ ಬಣ್ಣ ಹಾಗೇ ಇದೆ. ಪಕ್ಕದಲ್ಲಿ ಎರಡೂ ಕಡೆ ಸುಮಾರು 4 ಮಿಲಿಮೀಟರ್ ಸಂದು. ಬಾರ್‌ನ ಕೆಳಮೂಲೆ ವೆಲ್ಡಿಂಗ್ ದಿಂಡಿನ ಮೇಲೆ ಹತ್ತಿ ಕೂತಿರುವುದೂ ನಿಜ, ಅಲ್ಲಿ ಗೀರು ಬಿದ್ದಿದೆ.

ಉತ್ತರ

ಹಾಗಾದರೆ ಮೂರೂ ಸೇರಿಕೊಂಡಿವೆ.

ವೆಲ್ಡಿಂಗ್ ದಿಂಡನ್ನು ಗ್ರೈಂಡ್ ಮಾಡಬೇಡಿ, ಬಕೆಟ್‌ನ ಮೂಲೆ ಹಿಡಿದಿರುವುದೇ ಅದು. ಬಾರ್‌ನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿ, ದಿಂಡಿಗೆ ತಾಗದಷ್ಟು.

ಆಮೇಲೆ ಎಡ್ಜ್ ಮುಂದೆ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಬಿಗಿದು ನೋಡಿ. ಬಳಸಿದ ಬಕೆಟ್‌ಗಳಲ್ಲಿ ಮೂಲೆಗಳು ಜಾಸ್ತಿ ಸವೆದು ನಡು ಉಬ್ಬಿರುತ್ತದೆ. ನೇರವಾದ ಬಾರ್ ಆ ಉಬ್ಬಿಗೆ ಮಾತ್ರ ತಾಗಿ, ಎರಡೂ ತುದಿ ಗಾಳಿಯಲ್ಲಿ ನಿಲ್ಲುತ್ತವೆ. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಅಂಚಿನ ಹಲ್ಲುಗಳ ಬಾಯೊಳಗೆ ಅಷ್ಟೇ ದಪ್ಪದ ಉಕ್ಕಿನ ತುಂಡು ಇಟ್ಟು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ. ಟ್ಯಾಕ್ ಬೀಳಬೇಕಾದದ್ದು ಬಾರ್‌ಗೆ, ಎಡ್ಜ್‌ಗೆ ಅಲ್ಲ. ಕಟಿಂಗ್ ಎಡ್ಜ್ ಸಾಮಾನ್ಯವಾಗಿ ಗಡಸು ಉಕ್ಕು. ಮೊದಲೇ ಬಿಸಿ ಮಾಡದೆ ಅದಕ್ಕೆ ವೆಲ್ಡ್ ಹಾಕಿದರೆ ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಡಬಹುದು. ವೆಲ್ಡ್ ಮಾಡಿಬಿಡಲಾ ಅಂದಾಗ ಬೇಡ ಅಂದದ್ದು ಇದಕ್ಕೂ ಸೇರಿಯೇ.

ಪಕ್ಕದ 4 ಮಿಲಿಮೀಟರ್ ಸಂದು ಸಣ್ಣದು ಅನ್ನಿಸುತ್ತದೆ, ಆದರೆ ಕಾಟ ಕೊಡುವುದು ಅದೇ. ನಟ್ಟು ಬಿಗಿದಾಗ ಪಕ್ಕದ ಪ್ಲೇಟ್ ಒಳಕ್ಕೆ ಬಾಗುತ್ತದೆ. ನಿಮ್ಮ ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ನಿಜಕ್ಕೂ ಆ ಬಿಗಿಯೆಲ್ಲ ಪ್ಲೇಟ್ ಬಗ್ಗಿಸಲು ಖರ್ಚಾಗಿರುತ್ತದೆ. ಬೋಲ್ಟ್ ಸುತ್ತ ದಪ್ಪ ವಾಷರ್ ಅಥವಾ ಶಿಮ್ (ಸಂದು ತುಂಬುವ ಲೋಹದ ತಗಡು) ಇಟ್ಟು ಸಂದು ತುಂಬಿಸಿ, ಆಮೇಲೆ ಬಿಗಿಯಿರಿ. ಒಂದು ಅಂಗೈ ಅಗಲ ಬಣ್ಣ ಕೆರೆದು ಲೋಹ ಕಾಣುವ ಹಾಗೆ ಮಾಡಿ. ಬಣ್ಣದ ಪದರ ಒತ್ತಡಕ್ಕೆ ನಜ್ಜುಗುಜ್ಜಾದಷ್ಟೂ ಬೋಲ್ಟ್ ಸಡಿಲ.

ಹಿಗ್ಗಿದ ತೂತಿಗೆ 8 ಮಿಲಿಮೀಟರ್ ದಪ್ಪದ ಪ್ಲೇಟ್ ತುಂಡಿಗೆ 17 ಮಿಲಿಮೀಟರ್ ತೂತು ಕೊರೆದು, ಬಕೆಟ್‌ನ ಹೊರಗಡೆ ವೆಲ್ಡ್ ಮಾಡಿ. ಪಕ್ಕದ ಪ್ಲೇಟ್ ಹೆಚ್ಚಾಗಿ ಮೈಲ್ಡ್ ಸ್ಟೀಲ್, ಅಲ್ಲಿ ವೆಲ್ಡಿಂಗ್‌ಗೆ ತೊಂದರೆ ಇಲ್ಲ. ಹಳೇ ತೂತನ್ನು ಹಿಂದಕ್ಕೆ ಸ್ವಲ್ಪ ಅರದಿಂದ ಉಜ್ಜಿ ಬೋಲ್ಟ್‌ಗೆ ಜಾಗ ಬಿಡಿ. ವೆಲ್ಡ್ ಮಾಡುವ ಮೊದಲು ಬ್ಯಾಟರಿ ಕಳಚಿ, ವೆಲ್ಡಿಂಗ್ ಮೆಷಿನ್‌ನ ಅರ್ತ್ ಕ್ಲ್ಯಾಂಪ್ ಬಕೆಟ್ ಮೇಲೇ ಹಾಕಿ.

ಈಗ ಮುಖ್ಯವಾದದ್ದು. ಬಾರನ್ನು ಎಡ್ಜ್‌ಗೆ ಪೂರ್ತಿ ಒತ್ತಿಟ್ಟು ಆಮೇಲೆ ಗುರುತು ಹಾಕಬೇಕು. ಗಟ್ಟಿ ಮಣ್ಣಿನ ದಿಬ್ಬಕ್ಕೆ ಹಲ್ಲುಗಳನ್ನು ನಿಧಾನ ಒತ್ತಿ ನಿಲ್ಲಿಸಿ, ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡಕಟ್ಟೆ. ಬಾರ್‌ನ ತೂತು ಎಲ್ಲಿ ಬರುತ್ತದೋ ಅದಕ್ಕಿಂತ 1 ಮಿಲಿಮೀಟರ್ ಹಿಂದಕ್ಕೆ ಹೊಸ ಪ್ಲೇಟಿನ ತೂತು ಬರಲಿ. ಎರಡೂ ತೂತು 17, ಬೋಲ್ಟ್ 16. ಆಗ ಬೋಲ್ಟ್ ಒಳಗೆ ಹೋಗುತ್ತಿದ್ದ ಹಾಗೇ ಬಾರನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಆಟ ಉಳಿಯಲ್ಲ. ಮರಗೆಲಸದವರು ತೂತು ಸ್ವಲ್ಪ ಸರಿಸಿ ಗೂಟ ಹೊಡೆಯುತ್ತಾರಲ್ಲ, ಅದೇ ಲೆಕ್ಕ.

ಇನ್ನೊಬ್ಬರ ಪ್ರಶ್ನೆ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಬಕೆಟ್‌ಗೆ ತೂತೇ ಬೀಳುತ್ತಿಲ್ಲ. ಡ್ರಿಲ್ ಬಿಟ್ ಕಿರ್ ಅನ್ನುತ್ತೆ, ಹೊಗೆ ಬರುತ್ತೆ, ತುದಿ ನೀಲಿಯಾಗುತ್ತೆ.

ಉತ್ತರ

ವೇಗ ಜಾಸ್ತಿಯಾಗಿದೆ, ಒತ್ತಡ ಸಾಲುತ್ತಿಲ್ಲ. ಮೊದಲು 6 ಮಿಲಿಮೀಟರ್ ಬಿಟ್, ಆಮೇಲೆ 10, ಕೊನೆಗೆ 17. ದೊಡ್ಡ ಬಿಟ್‌ಗೆ ನಿಮಿಷಕ್ಕೆ 300 ಸುತ್ತಿಗಿಂತ ಕಡಿಮೆ ಸಾಕು. ಕೋಬಾಲ್ಟ್ ಬಿಟ್ ಆದರೆ ಒಳ್ಳೆಯದು, ಎಣ್ಣೆ ಬಿಡುತ್ತಿರಿ. ಸುರುಳಿ ಸುರುಳಿಯಾಗಿ ಚೂರು ಬರಬೇಕು. ಪುಡಿ ಬಂದರೆ ಬಿಟ್ ಕೊರೆಯುತ್ತಿಲ್ಲ, ಸುಮ್ನೆ ಉಜ್ಜುತ್ತಿದೆ ಅಂತ ಅರ್ಥ. ಇನ್ನೇನು ಆಚೆ ಬರುತ್ತದೆ ಅನ್ನುವಾಗ ಒತ್ತಡ ಕಡಿಮೆ ಮಾಡಿ. ಬಿಟ್ ಅಂಚಿಗೆ ಸಿಕ್ಕಿಕೊಂಡರೆ ಡ್ರಿಲ್ ಗಿರ್ರನೆ ತಿರುಗಿ ಮಣಿಕಟ್ಟು ಮುರಿಯುತ್ತದೆ, ಪಕ್ಕದ ಹಿಡಿಕೆ ಇಲ್ಲದೆ ಶುರು ಮಾಡಲೇಬೇಡಿ.

ಮತ್ತೊಬ್ಬರು

ಬೋಲ್ಟ್ ತಲೆ ಒಳಗಡೆ, ನಟ್ಟು ಹೊರಗಡೆ ಇರಲಿ. ಒಳಗೆ ಮಣ್ಣು ಉಜ್ಜಿ ಉಜ್ಜಿ ನಟ್ಟಿನ ಮೂಲೆಗಳೇ ಹೋಗಿ, ಬಿಚ್ಚಲು ಸ್ಪ್ಯಾನರ್ ಹಿಡಿಯಲ್ಲ. ಹೊರಗೆ ನಟ್ಟು ಗೋಡೆಗೆ ತಾಗುತ್ತೆ ಅನ್ನುವವರಿದ್ದಾರೆ. ಕಿರಿದಾದ ಕಾಲುವೆ ತೋಡುವವರಿಗೆ ಆ ಮಾತು ಸರಿ, ಉಳಿದವರಿಗೆ ಅಷ್ಟು ಲೆಕ್ಕಕ್ಕಿಲ್ಲ. 8.8 ಗ್ರೇಡ್ (ಬೋಲ್ಟ್ ತಲೆ ಮೇಲೆ ಬರೆದಿರುವ ಬಲದ ದರ್ಜೆ) ಎಂ16ಕ್ಕೆ ಸುಮಾರು 200 ನ್ಯೂಟನ್ ಮೀಟರ್ ಬಿಗಿ ಕೊಡಿ. ಮೊದಲ ಗಂಟೆ ಕೆಲಸ ಆದ ಮೇಲೆ ಒಮ್ಮೆ ಮತ್ತೆ ನೋಡಿ.

ಇನ್ನೊಂದು. ಬಕೆಟ್ ಅನ್ನು ಹಿಂದಕ್ಕೆ ಎಳೆದು ನೆಲ ಮಟ್ಟ ಮಾಡುವ ಅಭ್ಯಾಸ ಇದೆಯಾ? ಆಗ ಹಲ್ಲಿನ ಬಾಯಿ ಎಡ್ಜ್‌ನಿಂದ ಕಳಚಿಕೊಳ್ಳುವ ಕಡೆಗೆ ಎಳೆತ ಬರುತ್ತದೆ, ತಡೆಯಲು ಬೋಲ್ಟ್ ಬಿಟ್ಟರೆ ಯಾರೂ ಇಲ್ಲ. ಆ ಕೆಲಸಕ್ಕೆ ಬಾರ್ ಬಿಚ್ಚಿಡಿ. ಎರಡೇ ಬೋಲ್ಟ್ ಅಲ್ವಾ.

ಪ್ರಶ್ನೆ ಕೇಳಿದವರು

ಹೇಳಿದ ಹಾಗೇ ಮಾಡಿದೆ. ದಾರ ಹಿಡಿದಾಗ ನಡು ಸುಮಾರು 3 ಮಿಲಿಮೀಟರ್ ಉಬ್ಬಿತ್ತು, ಅಂಚಿನ ಹಲ್ಲುಗಳಿಗೆ ತುಂಡು ಇಟ್ಟೆ. ಈಗ ನಟ್ಟು ಕದಲುತ್ತಿಲ್ಲ, ಬಾರ್ ಗಟ್ಟಿಯಾಗಿ ಕೂತಿದೆ. ಒಂದೇ ಒಂದು ಕಟಕಟ ಸದ್ದು ಉಳಿದಿದೆ, ಬಲಗಡೆಯಿಂದ ಬರುತ್ತದೆ.

ಉತ್ತರ

ನಿಮ್ಮದು ಬದಲಾಯಿಸುವ ಹಲ್ಲುಗಳಾದರೆ ಆ ಕಡೆಯ ಹಲ್ಲನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಬಹುಶಃ ಅದರ ಪಿನ್ ಸವೆದಿದೆ. ಪಿನ್ ಮಾತ್ರ ಬದಲಿಸಿದರೆ ಸಾಕು, ಬಾರ್ ಮುಟ್ಟಬೇಡಿ.